ನೀನು ಉಲ್ಟಾ ಮಾಡಿದೀಯ, ಅಮ್ಮ

"ನೀನು ಉಲ್ಟಾ ಮಾಡಿದೀಯ ಅಮ್ಮ" ಅಂದಳು ಮಗಳು. ಕಾರಿನ ಹಿಂದಿನ ಸೀಟು, ಕೈಯಲ್ಲಿ ಬಾಳೆಕಾಯಿ ಚಿಪ್ಸ್, ಮುಖದಲ್ಲಿ ಯಾವ ಕುಹಕವೂ ಇಲ್ಲ. ಆರನೇ ಕ್ಲಾಸಿನ ಹುಡುಗಿಗೆ ಅದು ಬರೀ ಲೆಕ್ಕ. ಅವಳ ವಿಜ್ಞಾನದ ಮೇಡಂ ತೈಲ ಕಂಪನಿಯಿಂದ ಶಾಲೆಗೆ ಬಂದವರು. ಅಮ್ಮ ಶಾಲೆಯಿಂದ ಕಂಪ್ಯೂಟರ್ ಮುಂದಕ್ಕೆ ಹೋದವಳು. ಅವರದು ಸರಿ ಅಂತಾದರೆ ಇವಳದು ಉಲ್ಟಾ ತಾನೆ? ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಅವಳು ಗೆಳತಿಯ ಹುಟ್ಟುಹಬ್ಬಕ್ಕೆ ಏನು ಕೊಡಬೇಕು ಅನ್ನೋ ಚಿಂತೆಗೆ ಹೋಗಿದ್ದಳು. ನಾನು ಮಾತ್ರ ಅಲ್ಲೇ ಸಿಕ್ಕಿಕೊಂಡೆ.

ಅವತ್ತು ಶಾಲೆಯಲ್ಲಿ ಪೋಷಕರ ರಾತ್ರಿ. ನಾವಿರುವ ಅಮೇರಿಕಾದ ಮಿಡ್ಲ್ ಸ್ಕೂಲುಗಳಲ್ಲಿ ವರ್ಷದ ಶುರುವಿಗೆ ಹೀಗೊಂದು ಇಡುತ್ತಾರೆ. ಮಗುವಿನ ಟೈಮ್‌ಟೇಬಲ್ ಹಿಡಿದು ಅಪ್ಪ ಅಮ್ಮಂದಿರೇ ಗಂಟೆ ಹೊಡೆದಾಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಬೇಕು, ಒಬ್ಬೊಬ್ಬ ಶಿಕ್ಷಕರಿಗೂ ಹತ್ತೇ ನಿಮಿಷ. ಗಣಿತದವರು ಗ್ರೇಡು ಹೇಗೆ ಲೆಕ್ಕ ಹಾಕುತ್ತೇವೆ ಅಂತ ಹೇಳಿದರು, ಇಂಗ್ಲಿಷಿನವರು ಯಾವ ಆ್ಯಪ್ ಇಳಿಸಿಕೊಳ್ಳಬೇಕು ಅಂತ. ವಿಜ್ಞಾನದ ಕೋಣೆಯ ಬಾಗಿಲ ಮೇಲೆ ಮೇಡಂ ಓದಿದ ಯೂನಿವರ್ಸಿಟಿಯ ಬಾವುಟ, ಪಕ್ಕದಲ್ಲೇ ಹೆಲ್ಮೆಟ್ ಹಾಕಿಕೊಂಡು ತೈಲಬಾವಿ ಕೊರೆಯುವ ರಿಗ್ ಮೇಲೆ ನಿಂತ ಹಳೆಯ ಫೋಟೊ. ಒಳಗೆ ಮೇಜಿನ ಮೇಲೆ ನಮ್ಮ ರೊಟ್ಟಿ ಒತ್ತುವ ಲಟ್ಟಣಿಗೆ ಗಾತ್ರದ ಕಲ್ಲಿನ ತುಂಡುಗಳು. ನೆಲದೊಳಗೆ ಕೊರೆದು ತೆಗೆದ ಕೋರ್ ಅವು. ಗ್ರೇಡಿನ ವಿಷಯ ವೆಬ್‌ಸೈಟಿನಲ್ಲಿದೆ, ನಾನು ಯಾರು ಅನ್ನೋದು ಅಲ್ಲಿಲ್ಲ, ಅದನ್ನೇ ಹೇಳುತ್ತೇನೆ ಅಂತ ಮೇಡಂ ಶುರು ಮಾಡಿದರು.

ನಾವಿರೋದು ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಕೇಟಿ ಕಡೆ. ಇಲ್ಲಿಂದ ಊರೊಳಕ್ಕೆ ಹೋಗುವ ಹೆದ್ದಾರಿಯ ಉದ್ದಕ್ಕೂ ತೈಲ ಕಂಪನಿಗಳ ಗಾಜಿನ ಕಟ್ಟಡಗಳು. ತೈಲದ ಬೆಲೆ ಇಲ್ಲಿ ನಮ್ಮ ಕಡೆಯ ಮಳೆ ಇದ್ದ ಹಾಗೆ, ಅಂಗಡಿಯವನಿಂದ ಹಿಡಿದು ಮನೆ ಮಾರುವವನವರೆಗೆ ಎಲ್ಲರೂ ಆ ಕಡೆ ಕಣ್ಣಿಟ್ಟಿರುತ್ತಾರೆ. ಮೇಡಂ ಭೂವಿಜ್ಞಾನ ಓದಿ ಮೊದಲು ಸೇರಿದ್ದು ಮಡ್ ಲಾಗರ್ ಆಗಿ. ರಿಗ್ ಪಕ್ಕದ ಟ್ರೇಲರಿನಲ್ಲಿ ಕೂತು, ಕೊರೆಯುವಾಗ ಕೆಸರಿನ ಜೊತೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ತೊಳೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ಈಗ ಯಾವ ಪದರಕ್ಕೆ ಬಂದಿದ್ದೇವೆ ಅಂತ ಬರೆಯುವ ಕೆಲಸ. ಹನ್ನೆರಡು ಗಂಟೆಯ ಪಾಳಿ. ಆಮೇಲೆ ಆಫೀಸಿಗೆ ಬಡ್ತಿ. 2014ರ ಮಧ್ಯದಲ್ಲಿ ನೂರು ಡಾಲರಿನ ಮೇಲಿದ್ದ ಒಂದು ಬ್ಯಾರೆಲ್ ತೈಲ 2016ರ ಶುರುವಿಗೆ ಮೂವತ್ತಕ್ಕಿಂತ ಕೆಳಗೆ ಬಿತ್ತಲ್ಲ, ಆ ಹೊತ್ತಿನಲ್ಲಿ ಅವರ ಇಡೀ ವಿಭಾಗ ಮನೆಗೆ ಹೋಯಿತು.

ಬೇರೆ ಕೆಲಸ ಸಿಗುವವರೆಗೆ ಅಂತ ಮಗನ ಶಾಲೆಯಲ್ಲೇ ಸಬ್‌ಸ್ಟಿಟ್ಯೂಟ್ ಆಗಿ ಹೋದರಂತೆ. ರಜೆ ಹಾಕಿದ ಶಿಕ್ಷಕರ ಬದಲಿಗೆ ದಿನಗೂಲಿಯ ಪಾಠ. ಒಂದು ದಿನ ಮಕ್ಕಳಿಗೆ ಸ್ಪಿಂಡಲ್‌ಟಾಪ್ ಕಥೆ ಹೇಳಿದರು. 1901ರ ಜನವರಿ 10ರಂದು, ಇಲ್ಲಿಂದ ಪೂರ್ವಕ್ಕೆ ಬೋಮಂಟ್ ಹತ್ತಿರ, ಉಪ್ಪಿನ ಗುಮ್ಮಟವೊಂದರ ನೆತ್ತಿಯಲ್ಲಿ ಕೊರೆಯುತ್ತಿದ್ದಾಗ ತೈಲ ಬುಗ್ಗೆಯಾಗಿ ಆಕಾಶಕ್ಕೆ ಹಾರಿ, ಟೆಕ್ಸಸ್ಸಿನ ಹಣೆಬರಹವೇ ಬದಲಾದ ಕಥೆ. ಉಪ್ಪು ನೆಲದಡಿ ಯಾಕೆ ಉಬ್ಬುತ್ತದೆ, ಉಬ್ಬಿದ ಉಪ್ಪಿನ ಮಗ್ಗುಲಲ್ಲಿ ತೈಲ ಯಾಕೆ ಬಂದು ನಿಲ್ಲುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪ್ರಿನ್ಸಿಪಾಲರು, ವಿಜ್ಞಾನದ ಹುದ್ದೆ ಖಾಲಿ ಇದೆ, ಬರುತ್ತೀರಾ ಅಂದರು.

ಇಲ್ಲಿನ ಪದ್ಧತಿ ಹೀಗೆ. ಪದವಿ ಇರಬೇಕು, ನಾಲ್ಕರಿಂದ ಎಂಟನೇ ತರಗತಿಯ ವಿಜ್ಞಾನಕ್ಕೆ ರಾಜ್ಯ ನಡೆಸುವ ವಿಷಯ ಪರೀಕ್ಷೆ ಪಾಸಾಗಬೇಕು, ಮಾನ್ಯತೆ ಪಡೆದ ತರಬೇತಿ ಕಾರ್ಯಕ್ರಮವೊಂದಕ್ಕೆ ಹೆಸರು ಕೊಡಬೇಕು. ಆಗ ಒಂದು ವರ್ಷದ ಇಂಟರ್ನ್ ಸರ್ಟಿಫಿಕೇಟ್ ಕೊಟ್ಟು ನೇರ ಕ್ಲಾಸಿಗೆ ಬಿಡುತ್ತಾರೆ. ಪೂರ್ತಿ ಸಂಬಳ, ಮೇಲೊಬ್ಬ ಅನುಭವಿ ಶಿಕ್ಷಕರ ಕಣ್ಗಾವಲು. ಪಾಠ ಹೇಗೆ ಮಾಡಬೇಕು ಅನ್ನೋದನ್ನು ಸಂಜೆ, ಶನಿವಾರ ಕೂತು ಕಲಿಯಬೇಕು, ಅದಕ್ಕೂ ಪರೀಕ್ಷೆ ಇದೆ. ಮೊದಲ ವರ್ಷ ರಿಗ್‌ಗಿಂತ ಕಷ್ಟ ಅನಿಸಿತು, ಯಾಕೆಂದರೆ ರಿಗ್ ಮೇಲೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಬಹುದು ಅಂತ ಮೇಡಂ ಅಂದಾಗ ಕೋಣೆ ಪೂರ್ತಿ ನಕ್ಕಿತು. ಹ್ಯೂಸ್ಟನ್ ಸುತ್ತಮುತ್ತ ಹೊಸ ಶಿಕ್ಷಕರ ಸಂಬಳ ಈಗ ವರ್ಷಕ್ಕೆ ಅರವತ್ತು ಸಾವಿರ ಡಾಲರ್ ಆಸುಪಾಸು, ಕಂಪನಿಯಲ್ಲಿ ಭೂವಿಜ್ಞಾನಿಗೆ ಸಿಗುವುದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಬೆಲೆ ಮತ್ತೆ ಏರಿದಾಗ ಕಂಪನಿಯವರು ಕರೆದರಂತೆ. ಹೋಗಲಿಲ್ಲ. ಯಾಕೆ ಅಂತ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು, ನಾವು ಚಿತ್ರಕಲೆಯ ಕೋಣೆ ಹುಡುಕಿಕೊಂಡು ಹೊರಟೆವು.

ಇದನ್ನೆಲ್ಲ ಓದಿ ಅಮೇರಿಕಾ ಭಾರಿ ಅಂದುಕೊಳ್ಳುವುದು ಬೇಡ. ಹೀಗೆ ಬಾಗಿಲು ತೆರೆದಿಟ್ಟಿರುವುದು ಉದಾರತೆಯಿಂದಲ್ಲ, ಗತಿ ಇಲ್ಲದೆ. 2023–24ರಲ್ಲಿ ಟೆಕ್ಸಸ್ಸಿನಲ್ಲಿ ಹೊಸದಾಗಿ ಸೇರಿದ ಶಿಕ್ಷಕರಲ್ಲಿ ಸುಮಾರು ಮೂರನೇ ಒಂದು ಪಾಲಿನವರಿಗೆ ರಾಜ್ಯದ ಸರ್ಟಿಫಿಕೇಟೇ ಇರಲಿಲ್ಲ. ತೆರೆದ ಬಾಗಿಲಲ್ಲಿ ಭೂವಿಜ್ಞಾನಿಯೂ ಬರುತ್ತಾರೆ, ಏನೂ ಬಾರದವರೂ ಬರುತ್ತಾರೆ, ನಮ್ಮ ಮಗಳಿಗೆ ಅದೃಷ್ಟ ಇತ್ತು ಅಷ್ಟೆ. ಮೇಡಂ ಪ್ರಯೋಗಕ್ಕೆ ಬೇಕಾದ ವಿನೆಗರ್, ಬಲೂನು, ತಕ್ಕಡಿ ಎಷ್ಟೋ ಸಲ ಕೈಯಿಂದಲೇ ತರುತ್ತಾರೆ, ಕೇಂದ್ರ ಸರ್ಕಾರ ಅದಕ್ಕಾಗಿ 2025ರ ಆದಾಯ ತೆರಿಗೆ ಲೆಕ್ಕದಲ್ಲಿ ಬಿಟ್ಟುಕೊಟ್ಟದ್ದು 300 ಡಾಲರು. ಇನ್ನು ಬಂದೂಕಿನ ಡ್ರಿಲ್. ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ, ಮಕ್ಕಳನ್ನು ಗೋಡೆ ಮೂಲೆಗೆ ಕೂರಿಸಿ ಸದ್ದಿಲ್ಲದೆ ಕಾಯುವ ಅಭ್ಯಾಸ. 2022ರ ಮೇ ತಿಂಗಳಲ್ಲಿ ಇದೇ ರಾಜ್ಯದ ಯುವಾಲ್ಡಿಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಊರಿನ ಶಾಲೆಯಲ್ಲಿ ಸೋರುವ ಮಾಳಿಗೆ ಕೆಳಗೆ ಪಾಠ ಮಾಡಿದ್ದೇನೆ, ಇಂಥದ್ದಕ್ಕೆ ಅಲ್ಲಿ ಯಾರೂ ನಮ್ಮನ್ನು ತಯಾರು ಮಾಡಬೇಕಾಗಿರಲಿಲ್ಲ.

ಹೌದು, ನಾನೂ ಟೀಚರ್ ಆಗಿದ್ದವಳು. ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಆರು, ಏಳು, ಎಂಟಕ್ಕೆ ವಿಜ್ಞಾನ. ನನ್ನ ದಾರಿ ಹೇಳುವುದಕ್ಕೆ ಹತ್ತು ನಿಮಿಷ ಬೇಡ. ಸಿಇಟಿಯಲ್ಲಿ ರ‍್ಯಾಂಕ್ ಹಿಂದೆ ಬಿತ್ತು, ಬಿ.ಎಸ್ಸಿ. ಸೇರಿದೆ, ಸಿಬಿಜೆಡ್, ಅಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರ. ಅದು ಮುಗಿದ ಮೇಲೆ ಬಿ.ಎಡ್., ಆಗ ಅದು ಒಂದೇ ವರ್ಷ. "ಟೀಚರ್ ಆದ್ರೆ ಮನೆ ಮಕ್ಕಳನ್ನ ನೋಡ್ಕೊಂಡು ಹೋಗಬಹುದು ಕಣಮ್ಮ" ಅಂತ ಅಪ್ಪ ಹೇಳಿದ್ದು ಪ್ರೀತಿಯಿಂದಲೇ. ಕ್ಲಾಸಿನಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಇದೇ ಹಳಿಯ ಮೇಲೆ ಬಂದವರು, ಬೇರೆ ಕೆಲಸ ಮಾಡಿ, ಬಿಟ್ಟು, ಪಾಠ ಮಾಡಬೇಕು ಅಂತ ಬಂದವರು ಒಬ್ಬರೂ ಇರಲಿಲ್ಲ. ಸೂಕ್ಷ್ಮ ಬೋಧನೆ, ಪಾಠ ಯೋಜನೆ, ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಹೃದಯದ ಚಾರ್ಟು. ಆಮೇಲೆ ಅತಿಥಿ ಶಿಕ್ಷಕಿ. ಕರೆದರೂ ಕರೆಯದಿದ್ದರೂ ಅತಿಥಿ, ಗೌರವಧನ ಯಾವಾಗ ಬರುತ್ತದೋ ಆವಾಗ. ಇವತ್ತಿಗೂ ಅದು ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲೇ ಇದೆ.

ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೆಲಸದ ಪರವಾನಗಿಗೆ ಕಾದದ್ದು ಬೇರೆ ಕಥೆ. ಅದು ಕೈಗೆ ಬಂದಾಗ ಪರಿಚಯದ ಹೆಂಗಸರೆಲ್ಲ ಹೇಳಿದ್ದು ಒಂದೇ ಮಾತು: ಟೆಸ್ಟಿಂಗ್ ಕಲಿತುಕೊಳ್ಳಿ. ಡೆಂಟಿಸ್ಟು, ಲಾಯರು, ಭರತನಾಟ್ಯದವರು, ಎಲ್ಲರೂ ಕಲಿಯುತ್ತಿದ್ದರು. ನಾನೂ ಕಲಿತೆ. ಈಗ ಇನ್ಶೂರೆನ್ಸ್ ಕಂಪನಿಯೊಂದರ ತಂತ್ರಾಂಶದಲ್ಲಿ ಯಾವ ಗುಂಡಿ ಒತ್ತಿದರೆ ಏನಾಗಬಾರದು ಅಂತ ಪರೀಕ್ಷಿಸುತ್ತೇನೆ. ಒಳ್ಳೆಯ ಕೆಲಸ, ಸಂಬಳವೂ ಚೆನ್ನಾಗಿದೆ. ಊರಲ್ಲಿ ಇದನ್ನು ಹೇಳಿದರೆ ಮುಖ ಅರಳುತ್ತದೆ, "ಹೋ, ಸಾಫ್ಟ್‌ವೇರಾ!" ಮೊದಲು ಟೀಚರ್ ಅಂದಾಗ "ಪರ್ಮನೆಂಟಾ?" ಅಂತ ಕೇಳುತ್ತಿದ್ದ ಬಾಯಿಗಳೇ ಅವು. ಸೆಪ್ಟೆಂಬರ್ ಐದಕ್ಕೆ ಗುರವೇ ನಮಃ ಅನ್ನುವವರೂ ಅವರೇ.

ಮಗಳ ಮಾತಿಗೆ ಒಂದು ವಾರವೂ ಆಗಿರಲಿಲ್ಲ, ಶಿಲೆಗಳ ಪಾಠ ಶುರುವಾಯಿತು. ನಿಮ್ಮ ಮನೆತನ ಎಲ್ಲಿಂದ ಬಂದದ್ದೋ ಆ ಊರಿನ ಒಂದು ಕಲ್ಲಿನ ಬಗ್ಗೆ ತಿಳಿದುಕೊಂಡು ಬನ್ನಿ ಅಂತ ಮನೆಗೆಲಸ. ಚಿತ್ರದುರ್ಗ ಅಂತ ಮಗಳು ಹೇಳಿದ್ದಾಳೆ. ಮೇಡಂ ಕುರ್ಚಿಯಿಂದ ಎದ್ದೇ ಬಿಟ್ಟರಂತೆ. "ಧಾರ್ವಾರ್ ಕ್ರೇಟಾನ್!" ಅಂದರಂತೆ. ಭೂಮಿಯ ಮೇಲೆ ಉಳಿದಿರುವ ಅತಿ ಹಳೆಯ ತುಂಡುಗಳಲ್ಲಿ ಅದೂ ಒಂದು, ಕಾಲೇಜಿನಲ್ಲಿ ಅದರ ಮೇಲೆ ಸೆಮಿನಾರ್ ಕೊಟ್ಟಿದ್ದೆ, ನಿಮ್ಮ ಊರಿನ ಹತ್ತಿರ ಪಿಲ್ಲೋ ಲಾವಾ ಇದೆ, ಅಮ್ಮನನ್ನು ಕೇಳು, ನೋಡಿರುತ್ತಾರೆ. ಧಾರವಾಡ ಅಂದರೆ ಪೇಡೆ ಮತ್ತು ಬೇಂದ್ರೆ ಅಂದುಕೊಂಡಿದ್ದ ಮನೆಗೆ ಮಗಳು ಈ ಪ್ರಶ್ನೆ ಹೊತ್ತು ತಂದಳು.

ಮರಡಿಹಳ್ಳಿ. ಚಿತ್ರದುರ್ಗಕ್ಕೂ ಹಿರಿಯೂರಿಗೂ ನಡುವೆ. ಆ ಕಡೆ ನಮ್ಮ ನೆಂಟರ ಹೊಲವೇ ಇತ್ತು, ಬೇಸಿಗೆ ರಜೆಯಲ್ಲಿ ಆ ಬಂಡೆಗಳ ಮೇಲೆ ಕೂತು ಹುಣಸೆಹಣ್ಣು ತಿಂದವರು ನಾವು. ಉಂಡೆ ಉಂಡೆಯಾಗಿ ಒಂದರ ಮೇಲೊಂದು ಒರಗಿಕೊಂಡ ಕರಿ ಹಸಿರು ಕಲ್ಲು. ಸಮುದ್ರದ ತಳದಲ್ಲಿ ಕುದಿಯುವ ಲಾವಾ ನೀರಿಗೆ ನುಗ್ಗಿದಾಗ ಹೊರಮೈ ತಟ್ಟನೆ ತಣಿದು ಗಟ್ಟಿಯಾಗುತ್ತದೆ. ಒಳಗಿನದು ಇನ್ನೂ ಬಿಸಿ, ಸಿಪ್ಪೆ ಸೀಳಿಕೊಂಡು ಮುಂದಕ್ಕೆ ಉಬ್ಬಿ ಇನ್ನೊಂದು ಉಂಡೆ, ಅದರ ಪಕ್ಕ ಮತ್ತೊಂದು. ಹೀಗೆ ದಿಂಬು ಜೋಡಿಸಿದಂತೆ ಆಗುವುದರಿಂದ ಆ ಹೆಸರು. ಸುಮಾರು 250 ಕೋಟಿ ವರ್ಷದ ಹಿಂದಿನದು, ಜಗತ್ತಿನಲ್ಲೇ ಇಷ್ಟು ಚೆನ್ನಾಗಿ ಉಳಿದುಕೊಂಡಿರುವುದು ಅಪರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ, ಲಾಲ್‌ಬಾಗಿನ ಬಂಡೆಯಂತೆ. ಅಂದರೆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಕಾಣಲು 2022ರವರೆಗೆ ಕಾದ ಆ ಬರದ ಸೀಮೆಯಲ್ಲಿ, ಒಂದಾನೊಂದು ಕಾಲಕ್ಕೆ ಸಮುದ್ರ ಇತ್ತು.

ಅದರ ಪಕ್ಕದಲ್ಲೇ ಇದ್ದು ನಾನು ಶಾಲೆಯಲ್ಲಿ ಓದಿದ್ದೇನು? ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ. ತಲಾ ಎರಡು ಉದಾಹರಣೆ. ಅದೂ ವಿಜ್ಞಾನದಲ್ಲಲ್ಲ, ಸಮಾಜ ಪುಸ್ತಕದ ಭೂಗೋಳದಲ್ಲಿ. ನಮ್ಮಲ್ಲಿ ಕಲ್ಲು ಸಮಾಜ ಮೇಷ್ಟ್ರ ಪಾಲು, ಅವರು ಇತಿಹಾಸ ಓದಿಕೊಂಡು ಬಂದಿರುತ್ತಾರೆ. ಕಲ್ಲಿನೊಳಗಿನ ಖನಿಜ ವಿಜ್ಞಾನದವರ ಪಾಲು, ಅವರು ನನ್ನ ಹಾಗೆ ಕಪ್ಪೆ ಕೊಯ್ದು ಬಂದಿರುತ್ತಾರೆ. ಎರಡರ ನಡುವೆ ಮರಡಿಹಳ್ಳಿ ಜಾರಿಹೋಗಿದೆ. ಇನ್ನು ಗಣಿ ಇಲಾಖೆಯಲ್ಲಿ ದುಡಿದು ಸಾಕಾದ ಭೂವಿಜ್ಞಾನಿಯೊಬ್ಬರಿಗೆ ನಲವತ್ತನೇ ವಯಸ್ಸಿನಲ್ಲಿ ಏಳನೇ ಕ್ಲಾಸಿಗೆ ಪಾಠ ಮಾಡಬೇಕು ಅನಿಸಿದರೆ? ಈಗ ಎರಡು ವರ್ಷದ ಬಿ.ಎಡ್. ಮಾಡಬೇಕು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಬೇಕು, ಆಮೇಲೆ ನೇಮಕಾತಿ ಕರೆಯುವುದನ್ನು ಕಾಯಬೇಕು, ಅಷ್ಟರಲ್ಲಿ ವಯೋಮಿತಿ ಮೀರಿರುತ್ತದೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ಕರೆದಾಗ ಏನಾಯಿತು ನೆನಪಿದೆಯಲ್ಲ? ಮದುವೆಯಾದ ಹೆಣ್ಣುಮಕ್ಕಳು ಅಪ್ಪನ ಜಾತಿ, ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಅನ್ನುವ ತಕರಾರು ಹೈಕೋರ್ಟ್ ಮೆಟ್ಟಿಲು ಹತ್ತಿತು. ಅಪ್ಪ ಯಾರು, ಗಂಡ ಯಾರು ಅಂತ ಕೇಳಿದರು, ನೀನು ಇದುವರೆಗೆ ಏನು ಮಾಡಿಕೊಂಡಿದ್ದೆಯಮ್ಮ ಅಂತ ಕೇಳುವ ಕಾಲಂ ಆ ಅರ್ಜಿಯಲ್ಲಿ ಎಲ್ಲಿ?

ಈ ಸಿಟ್ಟನ್ನೆಲ್ಲ ಒಂದು ರಾತ್ರಿ ನಮ್ಮ ಬಿ.ಎಡ್. ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುರಿದೆ. ಅಮೇರಿಕಾದ ಮೇಡಂಗೆ ಗೊತ್ತಿರುವ ನಮ್ಮೂರ ಕಲ್ಲು ನಮ್ಮ ಮಕ್ಕಳಿಗೆ ಯಾಕೆ ಗೊತ್ತಿಲ್ಲ ಅಂತ. ಬಹಳ ಜನ ಹೆಬ್ಬೆರಳು ಒತ್ತಿದರು, ಒಬ್ಬರು ಸುಪ್ರಭಾತದ ಚಿತ್ರ ಹಾಕಿದರು. ಗೆಳತಿಯೊಬ್ಬಳು ಮಾತ್ರ ಫೋನೇ ಮಾಡಿದಳು. ಅವಳು ಆ ಕಡೆಯದೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದಾಳೆ. 2025ರ ದಸರಾ ರಜೆಯನ್ನೆಲ್ಲ ಸಮೀಕ್ಷೆಗೆ ಮನೆಮನೆ ಸುತ್ತುವುದರಲ್ಲೇ ಕಳೆದ ಬೇಜಾರು ಇನ್ನೂ ಗಂಟಲಲ್ಲಿತ್ತು.

"ಯಾರೇ ಹೇಳಿದ್ದು ಗೊತ್ತಿಲ್ಲ ಅಂತ? ಪ್ರತಿ ವರ್ಷ ಏಳನೇ ಕ್ಲಾಸಿನವರನ್ನ ಕರ್ಕೊಂಡು ಹೋಗ್ತೀನಿ. ಬುತ್ತಿ ಕಟ್ಕೊಂಡು. ನೀನು ಕೇಳಿದ್ರೆ ತಾನೆ ಹೇಳೋದು?"

"ನಿಂಗೆ ಹೇಗೆ ಗೊತ್ತಾಯ್ತು ಅದು ಸಮುದ್ರದ ಕಲ್ಲು ಅಂತ?"

"ಅದು ಬೋರ್ಡ್ ಹಾಕಿದಾರಲ್ಲ, ಓದಿದೆ. ಆದ್ರೆ ಅದಕ್ಕೂ ಮುಂಚೆ ಆ ಕಲ್ಲು ಸರಿಯಿಲ್ಲ ಅಂತ ಗೊತ್ತಿತ್ತು. ನಮ್ಮಪ್ಪ ಕಲ್ಲು ಒಡೀತಿದ್ರಲ್ಲ. ಗುಡ್ಡದ ಕಲ್ಲಿಗೆ ಎಳೆ ಇರುತ್ತೆ, ಎಳೆ ನೋಡಿ ಉಳಿ ಇಟ್ರೆ ಚಪ್ಪಡಿ ಏಳುತ್ತೆ. ಮರಡಿಹಳ್ಳಿ ಕಲ್ಲು ಮಾತು ಕೇಳಲ್ಲ, ದುಂಡಗೆ ಬಿಡುತ್ತೆ ಅಂತಿದ್ರು. ಯಾಕೆ ದುಂಡಗೆ ಅಂತ ಚಿಕ್ಕೋಳಿದ್ದಾಗಿಂದ ತಲೇಲಿತ್ತು."

ಒಂದು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳಪ್ಪ ಕಲ್ಲು ಒಡೆಯುತ್ತಿದ್ದರು ಅನ್ನೋದು ನನಗೆ ಈಗ ಗೊತ್ತಾಯಿತು. ಅವಳು ಆಗ "ಅಪ್ಪ ಕಂಟ್ರಾಕ್ಟರ್ ಹತ್ರ ಇದಾರೆ" ಅನ್ನುತ್ತಿದ್ದಳು. ನಿಜ ಹೇಳಿದ್ದರೆ ಬಿ.ಎಡ್. ಕಾಲೇಜಿನಲ್ಲಿ ಅದನ್ನು ಬೋಧನೋಪಕರಣ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ, ಅಯ್ಯೋ ಪಾಪ ಅನ್ನುತ್ತಿದ್ದರು. ಪಾಠ ಯೋಜನೆಯ ಪುಸ್ತಕದಲ್ಲಿ 'ಮಕ್ಕಳ ಪೂರ್ವಜ್ಞಾನ' ಅಂತ ಒಂದು ಕಾಲಂ ಇರುತ್ತಿತ್ತು, ತುಂಬದಿದ್ದರೆ ಮೇಷ್ಟ್ರು ಸಹಿ ಹಾಕುತ್ತಿರಲಿಲ್ಲ. ಟೀಚರಿನ ಪೂರ್ವಜ್ಞಾನಕ್ಕೆ ಕಾಲಂ ಇರಲಿಲ್ಲ. ಇಲ್ಲಿಯ ಮೇಡಂ ಕೆಲಸ ಹೋದದ್ದನ್ನು ಬಾಗಿಲ ಮೇಲೆ ಫೋಟೊ ಸಮೇತ ಅಂಟಿಸುತ್ತಾರೆ. ಅಲ್ಲಿ ನನ್ನ ಗೆಳತಿ ಅದಕ್ಕಿಂತ ದೊಡ್ಡ ಆಸ್ತಿಯನ್ನು ಮುಚ್ಚಿಟ್ಟುಕೊಂಡೇ ಕೆಲಸಕ್ಕೆ ಸೇರಿದಳು, ಈಗ ಬುತ್ತಿ ಕಟ್ಟಿಕೊಂಡು ಸದ್ದಿಲ್ಲದೆ ಬಳಸುತ್ತಿದ್ದಾಳೆ. ನಮ್ಮ ಶಾಲೆಗಳಲ್ಲಿ ಹೀಗೆ ಎಷ್ಟು ಜನರಿದ್ದಾರೋ. ರೇಷ್ಮೆ ಹುಳ ಸಾಕಿದ ಮನೆಯಿಂದ ಬಂದವರು, ಕಂಬಳಿ ನೇಯ್ದವರು, ಬೋರ್‌ವೆಲ್ ಲಾರಿಯಲ್ಲಿ ಎರಡು ವರ್ಷ ಅಲೆದು ಬಂದವರು. ವರ್ಷಕ್ಕೊಮ್ಮೆ ಶಾಲು ಹೊದಿಸುವಾಗಲಾದರೂ ಅವರನ್ನು ಕೇಳಬಹುದು.

ಮಗಳು ಗೆಳತಿ ಕಳಿಸಿದ ಫೋಟೊಗಳನ್ನೂ, ಉಳಿ ಸುತ್ತಿಗೆಯ ಕಥೆಯನ್ನೂ ಶಾಲೆಗೆ ಒಯ್ದಳು. ಮೇಡಂ ಆ ಕಲ್ಲು ಒಡೆಯುವವರ ಮಾತನ್ನು, 'ದುಂಡಗೆ ಬಿಡುತ್ತೆ' ಅನ್ನುವುದನ್ನು, ಐದು ಪಿರಿಯಡ್‌ನಲ್ಲೂ ಹೇಳಿದರಂತೆ. ಹಿರಿಯೂರಿನ ಕಡೆಯ ಒಬ್ಬ ಅಪ್ಪ ಹ್ಯೂಸ್ಟನ್ನಿನ ನೂರಕ್ಕೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಮಾಡಿದ ಹಾಗಾಯಿತು. ಗೆಳತಿಗೆ ಹೇಳಿದೆ. "ನಮ್ಮಪ್ಪಂಗೆ ಹೇಳಿದ್ರೆ ಕೂಲಿ ಎಷ್ಟು ಕೊಡ್ತಾರೆ ಅಂತಾರೆ" ಅಂದಳು.

ನಮ್ಮಪ್ಪನ ಜೊತೆ ಮಾತಾಡುವಾಗ ಮಗಳ 'ಉಲ್ಟಾ' ಮಾತು ಬಾಯಿಗೆ ಬಂತು. ಅಪ್ಪ ನಕ್ಕು, "ಅವಳು ಹೇಳಿದ್ದು ಸರಿ ಕಣಮ್ಮ. ಎಚ್. ನರಸಿಂಹಯ್ಯನವರು ಓಹಿಯೋಗೆ ಹೋಗಿ ಫಿಸಿಕ್ಸ್‌ನಲ್ಲಿ ಪಿಎಚ್.ಡಿ. ಮಾಡಿ, ವಾಪಸ್ ಬಂದು ನ್ಯಾಷನಲ್ ಕಾಲೇಜಲ್ಲಿ ಪಾಠಕ್ಕೆ ನಿಂತ್ರು. ನೀನು ಪಾಠ ಬಿಟ್ಟು ಅಲ್ಲಿಗೆ ಹೋದೆ" ಅಂದರು. ಟೀಚರ್ ಆದರೆ ಮನೆ ಮಕ್ಕಳನ್ನು ನೋಡಿಕೊಳ್ಳಬಹುದು ಅಂದವರೇ ಇವರು. ಅದನ್ನು ನೆನಪಿಸಿದೆ. "ನೋಡ್ಕೊಂಡಿದ್ದಾಯ್ತಲ್ಲ ಈಗ" ಅಂದರು.

ಇಲ್ಲೇ ಮತ್ತೆ ಟೀಚರ್ ಆಗಲಾ ಅಂತ ಮನೆಯಲ್ಲಿ ಕೇಳಿದೆ. ಯಜಮಾನರು ಲೆಕ್ಕದ ಮನುಷ್ಯ. ಸಂಬಳ ಎಷ್ಟು ಇಳಿಯುತ್ತದೆ, ಮನೆ ಸಾಲದ ಕಂತಿಗೆ ಏನು ಮಾಡುವುದು ಅಂತ ಕಾಗದದ ಮೇಲೆ ಬರೆದು ತೋರಿಸಿದರು. ಬೇಡ ಅನ್ನಲಿಲ್ಲ. ನನಗಿರುವ ತೊಡಕು ಸಂಬಳದ್ದಲ್ಲ, ಅಂಕಪಟ್ಟಿಯದ್ದು. ಹೊರದೇಶದಲ್ಲಿ ಓದಿದವರ ಪದವಿಯನ್ನು ಇಲ್ಲಿನ ಮಾನ್ಯತೆ ಪಡೆದ ಸಂಸ್ಥೆಯೊಂದು ತೂಗಿ ನೋಡಬೇಕು. ಅದಕ್ಕೆ ಯೂನಿವರ್ಸಿಟಿಯೇ ಸೀಲು ಹಾಕಿ ಕಳಿಸಿದ ಲಕೋಟೆ ಬೇಕು. ನನ್ನ ತಮ್ಮ ಊರಿಂದ ಬಸ್ಸು ಹಿಡಿದು ಪರೀಕ್ಷಾ ವಿಭಾಗಕ್ಕೆ ಅಲೆಯುತ್ತಿದ್ದಾನೆ. ಮೊದಲ ಸಲ ಕೇಸ್ ವರ್ಕರ್ ರಜೆ, ಎರಡನೇ ಸಲ ಸರ್ವರ್ ಡೌನ್. ಆಮೇಲೊಮ್ಮೆ ಗುಮಾಸ್ತರು ಅರ್ಜಿ ಓದಿ, "ಅಮೇರಿಕಾದಲ್ಲಿದ್ದು ಮೇಷ್ಟ್ರಾಗ್ತಾರಾ? ಏನು, ಕೆಲಸ ಹೋಯ್ತಾ ಅವರ್ದು?" ಅಂತ ಮರುಕದಿಂದ ಕೇಳಿದರಂತೆ.

ನಿನ್ನೆ ಅಲ್ಲಿಂದಲೇ ತಮ್ಮನ ವಾಯ್ಸ್ ಮೆಸೇಜ್ ಬಂತು. ಹಿಂದೆ ಟೈಪ್ ಮಾಡುವ ಸದ್ದು, ಯಾರೋ ಯಾರಿಗೋ ಚಹಾ ಹೇಳುತ್ತಿದ್ದರು. "ಅಕ್ಕ, ಬಿ.ಎಸ್ಸಿ.ದು ಸಿಕ್ತು. ಬಿ.ಎಡ್.ದು ಹಳೇ ರೆಕಾರ್ಡ್ ರೂಮಿಂದ ತೆಗೀಬೇಕಂತೆ, ಅದಕ್ಕೆ ಬೇರೆ ಚಲನ್ ಅಂತೆ. ಕಟ್ಲಾ, ಇಲ್ಲ ಬಿಟ್ಟು ಬರ್ಲಾ?"

ಕಟ್ಟು ಅಂತ ಹೇಳಿದೆ. ಎರಡು ಸೆಟ್‌ಗೆ ಕಟ್ಟು, ಮತ್ತೆ ಅಲೆಯೋದು ಬೇಡ ಅಂದೆ.